ಸೊಸೆಯ ಹೊಟ್ಟೆಗೆ ಹೋದ ಕಬ್ಬಿಣ

ಬಾಯಿ ಮುಚ್ಚಿಕೊಂಡು ಕೂತರೂ ನಮ್ಮ ಮನೆಗೆ ರಾಮಾಯಣ ತಾನಾಗಿ ನಡೆದು ಬರುತ್ತದೆ. ನಾನಂತೂ ಬಾಯಿ ಮುಚ್ಚಿ ಕೂತವಳಲ್ಲ. ಈ ಸಲ ಬಂದದ್ದು ಬಸುರಿ ಸೊಸೆಯಿಂದ. ಅವಳಿಗೆ ರಕ್ತ ಎಂಟೇ ಪಾಯಿಂಟು. ಹತ್ತು ದಾಟದಿದ್ದರೆ ಮದ್ದೂರಲ್ಲಿ ಹೆರಿಗೆ ಮಾಡಲ್ಲ, ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸಿಬಿಡ್ತೀನಿ ಅಂದರು ಡಾಕ್ಟರಮ್ಮ.

ಮೂರು ಮಾತ್ರೆ

ಆಶಾ ಕಾರ್ಯಕರ್ತೆ ಕೊಟ್ಟದ್ದು ಫೆರಸ್ ಸಲ್ಫೇಟ್. ಡಾಕ್ಟರಮ್ಮ ಬರೆದದ್ದು ಫೆರಸ್ ಆಸ್ಕಾರ್ಬೇಟ್. ನಮ್ಮ ಮೇಲೆ ನಂಬಿಕೆಯಿಲ್ಲದ ಬೀಗಿತ್ತಿ ಮಳವಳ್ಳಿಯಿಂದ ಹೊತ್ತು ತಂದದ್ದು ಫೆರಸ್ ಫ್ಯೂಮರೇಟ್. ಮೂರನ್ನೂ ಸೆರಗಿಗೆ ಕಟ್ಟಿಕೊಂಡು ಮೆಡಿಕಲ್ ಸ್ಟೋರಿಗೆ ಹೋದೆ. ಯಾವುದಾದರೂ ಒಂದು ಸಾಕು, ಫೆರಸ್ ಅಂದರೆ ಕಬ್ಬಿಣ, ಆಮೇಲಿನ ಹೆಸರು ಅದು ಯಾರ ಜೊತೆ ಸೇರಿದೆಯೋ ಅವರದು ಅಂದ ಅಂಗಡಿಯವನು.

“ಅಂಗಾರೆ ಎಂಗ್ಸು ಒಬ್ಳೇ, ಸಂಸಾರ ಮೂರು ಕಡೆ ಅನ್ನಪ್ಪ” ಅಂದೆ.

ಯಾರೂ ಕೇಳದ ಔಷಧಿ ಹುಡುಕಲು ಒಳಗೆ ಹೋದವನು ನಾನು ಮೆಟ್ಟಿಲಿಳಿಯುವವರೆಗೂ ಹೊರಗೆ ಬರಲಿಲ್ಲ.

ಕಳಕೊಂಡವರು

ಪಕ್ಕದ ಮನೆಯಲ್ಲಿ ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರಿದ್ದಾರೆ. ಎರಡು ಎಲೆಕ್ಟ್ರಾನ್ ಕಳಕೊಂಡ ಕಬ್ಬಿಣ ಫೆರಸ್, ಮೂರು ಕಳಕೊಂಡದ್ದು ಫೆರಿಕ್ ಅಂತ ವಿವರಿಸಿದರು. ಕಳಕೊಂಡದ್ದನ್ನ ಯಾರು ಹೊಡಕೊಂಡರು ಅಂತ ಕೇಳಿದೆ. ಜೊತೆಗೆ ಸೇರಿದವರೇ ಅಂದರು. ನಾನು ನಮ್ಮ ಬೀದಿಯ ಎರಡು ಮನೆ ತೋರಿಸಿ, ಅಳಿಯನಿಗೆ ಎರಡೆಕರೆ ಕಳಕೊಂಡ ಇದು ಫೆರಸ್ಸು, ಮೂರೆಕರೆ ಕಳಕೊಂಡ ಅದು ಫೆರಿಕ್ಕು ಅಂದೆ. ಮೂವತ್ತು ವರ್ಷ ಪಾಠ ಮಾಡಿದರೂ ಇಷ್ಟು ಬೇಗ ಯಾರ ತಲೆಗೂ ಹೋಗಿರಲಿಲ್ಲ ಅಂತ ಮೇಷ್ಟ್ರು ಅಳುವ ಹಾಗಾದರು.

ಹೊಟ್ಟೆಯೊಳಗಿನ ಕಾರ್ಖಾನೆ

ಎರಡು ತಿಂಗಳಾದರೂ ರಕ್ತ ಎಂಟೇ. ಹೆರಿಗೆಗೆ ಉಳಿದದ್ದು ಒಂದೇ ತಿಂಗಳು. ಇವಳು ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡು ಚರಂಡಿಗೆ ಉಗೀತಾಳೆ ಅಂತ ಬೀದಿಗೆಲ್ಲ ಹೇಳಿದೆ. ಸುದ್ದಿ ಮಳವಳ್ಳಿ ಮುಟ್ಟಿ, ಮೊದಲ ಬಸ್ಸಿಗೇ ಬೀಗಿತ್ತಿ ಬಂದು ಜಗಳಕ್ಕೆ ನಿಂತಳು. ಬಿಡಿಸಲು ಬಂದ ಮೇಷ್ಟ್ರು, ಮಾತ್ರೆ ಹೇಗೆ ಕೊಡ್ತೀರಿ ಅಂತ ಕೇಳಿದರು.

“ಕಡು ಟೀ ಜೊತೆ ಕಣ್ ಮೇಷ್ಟ್ರೆ. ದಿನಾ ನಾನೇ ನಿಂತ್ಕಂಡು ಕುಡುಸ್ತೀನಿ.”

ಮೇಷ್ಟ್ರು ತಲೆ ಹಿಡಿದುಕೊಂಡು ಜಗಲಿ ಮೇಲೆ ಕೂತರು. ಟೀ ಒಗರಿಗೆ ಸೇರಿದರೆ ಕಬ್ಬಿಣ ಫೆರಿಕ್ ಟ್ಯಾನೇಟ್ ಆಗುತ್ತದಂತೆ, ಮೈಗೆ ಹತ್ತುವುದಿಲ್ಲವಂತೆ. ಹಿಂದಿನವರು ಅದರಲ್ಲೇ ಬರೆಯುವ ಇಂಕು ಮಾಡುತ್ತಿದ್ದರಂತೆ. ನಿಂಬೆರಸದಲ್ಲಿ ಕೊಡಬೇಕಿತ್ತಂತೆ.

ಬೀಗಿತ್ತಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅಷ್ಟು ದಿನ ತುಟಿ ಬಿಚ್ಚದ ಸೊಸೆ ಆಗ ಬಿಚ್ಚಿದಳು.

“ಅತ್ತೆ, ಇಂಕು ಒಟ್ಟೆ ತುಂಬ ಐತೆ. ನನ್ ಸೊಸೆ ಮಾತ್ರೆ ಉಗುದಿಲ್ಲ ಅಂತ ಬೀದೀಲಿ ಮನೆಗೊಂದು ಕಾಗ್ದ ಬರ್ದು ಕೊಟ್ಬುಡಿ.”