ಗುಬ್ಬಿ ಕರಿಬಸವನ ಅಂಕಿತ

ಬೆಳಗಿನಿಂದಲೂ ತುಂತುರು ಮಳೆ ಜಡಿಹಿಡಿದಿತ್ತು. ಗುಬ್ಬಿಯಿಂದ ತುಮಕೂರಿನ ಶಿರಾ ಗೇಟ್‌ವರೆಗೆ ಬಸ್ಸಿನ ಟಾಪಿನ ಮೇಲೆ ನೆನೆಯುತ್ತ ಬಂದ ಹಾರ್ಮೋನಿಯಂ, ಅಂಜನಪ್ಪನ ಕ್ಯಾಸೆಟ್ ಅಂಗಡಿಯ ಹಿಂದಿನ ರೆಕಾರ್ಡಿಂಗ್ ಕೋಣೆಯಲ್ಲಿ ಬಾಯಿ ಬಿಟ್ಟಿತು. ಮೇಲಿನ ಸ್ವರಗಳೆಲ್ಲ ಶೀತವಾದ ಆಡಿನಮರಿಯಂತೆ ಅರಚಿದವು.

"ಕರಿಬಸವಯ್ಯ, ನಿನ್ನ ಎರಡನೇ ನುಡಿ ಮೇಲಕ್ಕೆ ಹತ್ತುತ್ತೆ. ಈ ಪೆಟ್ಗೆ ಹತ್ತಲ್ಲ. ಅದನ್ನ ಬುಡು," ಅಂದ ಹಾರ್ಮೋನಿಯಂ ಮಹಾದೇವಯ್ಯ.

ಕರಿಬಸವಯ್ಯ ಗುಬ್ಬಿಯ ಟೈಲರ್. ಬಿಡುವಿದ್ದಾಗಲೆಲ್ಲ ಶಿವನ ಪದ ಕಟ್ಟುತ್ತಿದ್ದ. ಭಜನೆಯವರು ಅವನ್ನು ಹಾಡುತ್ತಲೂ ಇದ್ದರು. ಆದರೆ ಕೊನೆಯ ನುಡಿಯಲ್ಲಿ ಅವನ ಅಂಕಿತ ಕಿತ್ತು, ತಂತಮ್ಮ ಊರ ದೇವರ ಹೆಸರು ಕೂರಿಸಿಬಿಡುತ್ತಿದ್ದರು. "ಊರಿಗೆಲ್ಲ ಅಂಗಿ ಹೊಲ್ಕೊಟ್ಟು ನೀವು ಬರಿಮೈಲಿ ಓಡಾಡ್ದಂಗಾಯ್ತು," ಎಂದು ಹೆಂಡತಿ ಗಂಗಾಂಬಿಕೆ ಹಂಗಿಸುತ್ತಿದ್ದಳು. ಕ್ಯಾಸೆಟ್ಟಿನಲ್ಲಿ ಕೂತ ಅಂಕಿತವನ್ನು ಮಾತ್ರ ಯಾರೂ ಕೀಳಲಾರರು. 'ಗುಬ್ಬಿ ಕರಿಬಸವ' ಎಂಬುದೊಂದು ಜನರ ಕಿವಿಯಲ್ಲಿ ಉಳಿದರೆ ಸಾಕು ಎಂದು ಶಿವನಿಗೆ ಕೈಮುಗಿದೇ ಬಸ್ಸು ಹತ್ತಿದ್ದ.

ಎರಡನೇ ನುಡಿ ಹೋಯಿತು. ಮೊದಲನೆಯದನ್ನು ಹಾಡಲು ಕೂತವನು ಕುಣಿಗಲ್ಲಿನ ಹೊನ್ನಯ್ಯ. ಅವನೂ ಪದ ಕಟ್ಟುವವನೇ, ಜೊತೆಗೆ ಒಳ್ಳೆಯ ಕಂಠ. "ಚಂದ್ರಚೂಡ ಚರ್ಮಾಂಬರ ಚಿನ್ಮಯ ಚಿದಾಕಾರ..." ಎನ್ನುವಷ್ಟರಲ್ಲಿ ಕೆಮ್ಮು ಹತ್ತಿತು.

"ಹಾಡೋರು ಉಸಿರು ಎಲ್ಲಿ ತಗೋಬೇಕು ಸ್ವಾಮಿ? ಮನೇಗ್ ಹೋಗಿ ತಗೊಂಡ್ ಬರ್ಬೇಕಾ?" ಅಂದ ಅಂಜನಪ್ಪ. ಅದೂ ಹೋಯಿತು.

ಉಳಿದದ್ದು ಪಲ್ಲವಿ, ಮತ್ತೆ ಅಂಕಿತದ ನುಡಿ. ನಡುವೆ ಹಲ್ಲು ಬಿದ್ದ ಬಾಯಿಯಂತೆ ಖಾಲಿ. ಹೊನ್ನಯ್ಯ ಕಣ್ಣು ಮುಚ್ಚಿ ತನ್ನದೊಂದು ನುಡಿಯನ್ನು ಮೆಲ್ಲಗೆ ಗುನುಗಿದ:

"ಅಗುಳಿ ಹಾಕದೆ ಮಲಗುವೆ ಶಿವನೆ,
ಹೋದವಳು ಬಂದರೆ ತಡೆಯದಿರಲಿ ಬಾಗಿಲು."

ಕರಿಬಸವಯ್ಯ ಉರಿದುಬಿದ್ದ. "ಅಗುಳಿ, ಬಾಗಿಲು! ಪದ ಕಟ್ದ್ಯೋ, ಮರಗೆಲ್ಸ ಮಾಡ್ದ್ಯೋ ಹೊನ್ನಯ್ಯಣ್ಣ?"

"ಕೇಳೋನು ಒಳಗ್ ಬಂದು ಕೂರೋಕೆ ಪದದಲ್ಲಿ ಜಾಗ ಇರ್ಬೇಕು ಕಣಪ್ಪ. ನಿನ್ನದ್ರಲ್ಲಿ ದೇವರ ಬಿರುದುಗಳೇ ಜಾಗವೆಲ್ಲ ಹಿಡ್ದು ಕೂತವೆ."

"ನನ್ನ ಪದದೊಳಗೆ ಇದು ಬ್ಯಾಡ!"

"ಹಂಗಾದ್ರೆ ರೆಕಾರ್ಡೂ ಬ್ಯಾಡ," ಎಂದು ಅಂಜನಪ್ಪ ವೈರು ಕೀಳಲು ಎದ್ದ.

ಕರಿಬಸವಯ್ಯ ಮೆತ್ತಗಾದ. "ನನ್ನ ಅಂಕಿತ?"

"ನಿಂದೇ ಇರ್ಲಿ," ಅಂದ ಹೊನ್ನಯ್ಯ.

ರೆಕಾರ್ಡಾಯಿತು. ಹೇಗೆ ಕೇಳುತ್ತದೋ ನೋಡೋಣವೆಂದು ಅಂಜನಪ್ಪ ಅಂಗಡಿ ಮುಂದಿನ ಮೈಕಿಗೆ ಹಾಕಿದ. ಮಳೆಯಲ್ಲಿ ನಿಂತಿದ್ದ ಜನ ತಲೆಯೆತ್ತಿದರು. 'ಗುಬ್ಬಿ ಕರಿಬಸವ' ಬೀದಿ ತುಂಬ ಮೊಳಗಿತು. ಕರಿಬಸವಯ್ಯನ ಕಣ್ಣು ತುಂಬಿ ಬಂತು.

ಹೂ ಮಾರುವ ಮುದುಕಿಯೊಬ್ಬಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದಳು. "ಕರಿಬಸವ ಅಂದ್ರೆ ಯಾರಪ್ಪ?"

"ನಾನೇ ಕಣಮ್ಮ!"

ಅವಳು ಬುಟ್ಟಿಯಿಂದ ಮಲ್ಲಿಗೆಯ ದಂಡೆ ತೆಗೆದು ಅವನ ಕೈಗಿಟ್ಟು ನಮಸ್ಕರಿಸಿದಳು. "ನನ್ನ ಮಗಳು ಮನೆ ಬಿಟ್ಟು ಹೋದಾಗಿಂದ ನಾನು ಅಗುಳಿ ಹಾಕಿಲ್ಲ. ನಿಂಗೆ ಹೆಂಗ್ ಗೊತ್ತಾಯ್ತು ತಂದೆ? ಗದ್ದಲದಲ್ಲಿ ಮುಂದಿನ ನುಡೀಲಿ ನಿನ್ನ ಹೆಸರೊಂದೇ ಕೇಳಿಸ್ತು. ಅವಳು ಬರ್ತಾಳಾ ಅದ್ರಲ್ಲಿ?"

ಮುಂದಿನ ನುಡಿಯಲ್ಲಿ ಇದ್ದದ್ದು ಕರಿಬಸವಯ್ಯನ ಹೆಸರು ಮಾತ್ರ.

ಮುದುಕಿ ಕಾಯುತ್ತಲೇ ಇದ್ದಳು. ಕರಿಬಸವಯ್ಯ ದಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದ. ಅದನ್ನು ಹೊನ್ನಯ್ಯನ ಮಡಿಲಲ್ಲಿಟ್ಟ.