ಹಾಡಿಲ್ಲದ ಹೆಡ್‌ಫೋನು

ಕಣ್ಣು ಮಂಜಾದರೆ ಮನುಷ್ಯನಿಗೆ ಗೌರವ ಹೆಚ್ಚುತ್ತದೆ, ಕಿವಿ ಮಂದವಾದರೆ ಇದ್ದ ಗೌರವವೂ ಹೋಗುತ್ತದೆ. ಕನ್ನಡಕ ಹಾಕಿದವನನ್ನು ಓದಿಕೊಂಡವನು ಅನ್ನುತ್ತಾರೆ. ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡವನ ಎದುರು ಕೂಗಿ ಕೂಗಿ ಮಾತಾಡಿ, ಆಮೇಲೆ ಅವನ ಬೆನ್ನ ಹಿಂದೆ ನಗುತ್ತಾರೆ. ಇದು ನ್ಯಾಯವೇ ಅಂತ ಜಗಳಕ್ಕೆ ಹೋಗಬಹುದು. ಆದರೆ ಎದುರಿನವರು ಏನು ಉತ್ತರ ಕೊಟ್ಟರು ಅನ್ನುವುದು ನನಗೆ ಕೇಳಿಸಬೇಕಲ್ಲ! ಇರಲಿ, ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಹೋಗುವ ದಾರಿಯಲ್ಲಿದೆ. ಇಲ್ಲಿ ಠಾಣೆಯ ಮಾಜಿವಾಡಾದಲ್ಲಿರುವ ಡಾಕ್ಟರು ಮೆಷಿನ್ ಹಾಕಿಸಿಕೊಳ್ಳಿ ಅಂದರು. ಯೋಚಿಸಿ ಹೇಳುತ್ತೇನೆ ಅಂದವನು ಆಮೇಲೆ ಆ ಬೀದಿಗೇ ಕಾಲಿಟ್ಟಿಲ್ಲ.

ಯಾಕೆಂದರೆ ನಮ್ಮಪ್ಪನ ಪಾಡು ನಾನು ಮೈಸೂರಿನಲ್ಲಿ ಕಣ್ಣಾರೆ ನೋಡಿದ್ದೇನೆ. ಮೊದಮೊದಲು ಎಲ್ಲರೂ ಅವರಿಗೆ ಕೂಗಿ ಹೇಳುತ್ತಿದ್ದೆವು. ಆಮೇಲೆ ಕೂಗಿ ಕೂಗಿ ಗಂಟಲು ನೋವು ಅಂತ ಅರ್ಧ ಹೇಳತೊಡಗಿದೆವು. ಕೊನೆಕೊನೆಗೆ ಊಟದ ಹೊತ್ತಿಗೆ ಎಲ್ಲರೂ ಏನಕ್ಕೋ ನಗುತ್ತಿದ್ದರೆ, ಅಪ್ಪನೂ ಸುಮ್ಮನೆ ಒಂದಿಷ್ಟು ನಕ್ಕು, "ಏನಂತೆ?" ಅಂತ ಕೇಳುವುದು, ನಾವು "ಏನಿಲ್ಲ ಬಿಡಿ" ಅನ್ನುವುದು. ಆ ಮಾತು ಯಾರ ಬಾಯಿಂದಲೂ ನನಗೆ ಬೇಡ. ಅದಕ್ಕೇ ಈ ನಾಟಕವೆಲ್ಲ.

ನಾಟಕದ ಉಪಾಯ ಹೊಳೆದದ್ದು ಟ್ರೈನಿನಲ್ಲಿ. ಠಾಣೆಯಿಂದ ಬೇಲಾಪುರದ ಆಫೀಸಿಗೆ ಹೋಗುವಾಗ ಒಬ್ಬ ಹುಡುಗ ಹಿಂದಿನಿಂದ ಎಷ್ಟು ಸಲ "ಉತರ್ನಾ ಹೈ ಕ್ಯಾ", ಇಳಿಯುವುದಿದೆಯಾ ಅಂತ ಕೇಳಿದನೋ, ಕೊನೆಗೆ ಭುಜ ಹಿಡಿದು ಅಲುಗಾಡಿಸಿ, "ಅರೇ ಅಂಕಲ್, ಬೆಹ್ರೆ ಹೋ ಕ್ಯಾ?" ಅಂದ. ಕಿವುಡರಾ ಅಂತ! ಡಬ್ಬಿಯೆಲ್ಲ ನಕ್ಕಿತು. ಅದೇ ಹುಡುಗ ನನ್ನ ಮುಂದಿದ್ದ ಇನ್ನೊಬ್ಬನ ಭುಜವನ್ನು ಮೆತ್ತಗೆ ತಟ್ಟಿ "ಎಕ್ಸ್‌ಕ್ಯೂಸ್ ಮೀ" ಅಂದ. ಆ ಪುಣ್ಯಾತ್ಮನಿಗೂ ಏನೂ ಕೇಳಿಸಿರಲಿಲ್ಲ. ಆದರೆ ಅವನ ಕಿವಿ ಮೇಲೆ ಹೆಡ್‌ಫೋನ್ ಇತ್ತು! ಅವತ್ತೇ ಸಂಜೆ ನಾನೂ ಒಂದು ಕೊಂಡೆ. ದೊಡ್ಡದು, ಕಪ್ಪು ಬಣ್ಣದ್ದು, ದೂರದಿಂದಲೇ ಕಾಣುವಂಥದ್ದು. ಅದರಲ್ಲಿ ಇವತ್ತಿನವರೆಗೆ ಒಂದು ಹಾಡೂ ಹಾಕಿಲ್ಲ. ಹಾಕಿ ಮಾಡುವುದೇನು?

ಹೆಂಡತಿ ಸುಮತಿಗೆ ಗೊತ್ತಾಗಲಿಲ್ಲವೇ ಅನ್ನುತ್ತೀರಿ. ಮದುವೆಯಾದಾಗಿನಿಂದ ಅವಳ ಮಾತು ಕಿವಿಗೆ ಹಾಕಿಕೊಳ್ಳದ ಗಂಡ ನಾನು. ಅಂಥವನಿಗೆ ನಿಜವಾಗಿಯೇ ಕಿವಿ ಹೋದರೆ ಪಾಪ ಅವಳಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? "ನಿಮ್ಮ ಜೊತೆ ಮಾತಾಡುವುದೂ ಒಂದೇ, ಗೋಡೆ ಜೊತೆ ಮಾತಾಡುವುದೂ ಒಂದೇ" ಅಂತ ಅವಳು ಮೊದಲೂ ಅನ್ನುತ್ತಿದ್ದಳು, ಈಗಲೂ ಅನ್ನುತ್ತಾಳೆ. ಈಗ ಗೋಡೆಗೆ ಹೆಡ್‌ಫೋನ್ ಬಂದಿದೆ, ಅಷ್ಟೇ.

ಘೋಡಬಂದರ್ ರಸ್ತೆಯ ನಮ್ಮ ಸೊಸೈಟಿಯಲ್ಲಿ ಕನ್ನಡದವರದ್ದೇ ಒಂದು ಓಟದ ಗುಂಪಿದೆ. ಸಕ್ಕರೆ ಕಾಯಿಲೆಯ ಭಯಕ್ಕೆ ನಾನೂ ಸೇರಿದೆ. ಗುಂಪಿನ ಯಜಮಾನ ಧಾರವಾಡದ ಕುಲಕರ್ಣಿ. ಅವನಿಗೆ ಹೆಡ್‌ಫೋನ್ ಕಂಡರೆ ಮೈಯೆಲ್ಲ ಉರಿ. "ಏನ್ರೀ ಸಾಹೇಬ್ರ, ಕಿವಿಯಾಗ ಬಿರಡಿ ತುರಕೊಂಡು ಓಡಿದ್ರ ಹಿಂದಿಂದ ಲಾರಿ ಬಂದದ್ದು ಹೆಂಗ ಗೊತ್ತಾಗಬೇಕು? ಸತ್ತ ಮ್ಯಾಲ ಗೊತ್ತಾಗಬೇಕೇನು?" ಅನ್ನುತ್ತಿದ್ದ. ಅವನ ಗಂಟಲಿಗೆ ದೇವರು ವಾಲ್ಯೂಮ್ ಜಾಸ್ತಿಯೇ ಕೊಟ್ಟಿದ್ದರಿಂದ ಅಷ್ಟೂ ನನಗೆ ಕೇಳಿಸುತ್ತಿತ್ತು. ಅವನು ಹೇಳಿದ್ದು ಅಕ್ಷರಶಃ ಸರಿ. ಹೆಡ್‌ಫೋನ್ ಇದ್ದರೂ ಇಲ್ಲದಿದ್ದರೂ ನನಗೆ ಲಾರಿ ಕೇಳಿಸುವುದಿಲ್ಲ, ಅದು ಬೇರೆ ಮಾತು. ನಾನು ಎದೆಯುಬ್ಬಿಸಿ, ಸಂಗೀತ ಓಟಕ್ಕೆ ಲಯ ಕೊಡುತ್ತದೆ, ಆಯಾಸ ಮರೆಸುತ್ತದೆ, ವೀಣೆ ಕೇಳುತ್ತಾ ಓಡಿದರೆ ಮೊಣಕಾಲು ನೋವೇ ಇರುವುದಿಲ್ಲ ಎಂದೆಲ್ಲ ಭಾಷಣ ಬಿಗಿದೆ. "ಹೌದಾ? ಕೊಡ್ರಿ ನೋಡೂಣು" ಅಂತ ಅವನು ಕೈಚಾಚಿದ. ಬ್ಯಾಟರಿ ಹೋಗಿದೆ ಅಂದೆ.

ಆ ಚರ್ಚೆಯಲ್ಲಿ ನಿಜವಾದ ಮಾತಾಡಿದವರು ಶೆಟ್ಟರು. ಕಾರ್ಕಳದ ಕಡೆಯವರು, ಠಾಣೆ ಸ್ಟೇಷನ್ ಹತ್ತಿರ ತಮ್ಮನ ಜೊತೆ ಹೋಟೆಲು ನಡೆಸುತ್ತಾರೆ. ಓಡುವಾಗ ದಿನವೂ ನನ್ನ ಪಕ್ಕದಲ್ಲೇ ಇರುತ್ತಾರೆ. "ನನಗೆ ಲಾರಿಯ ಹೆದರಿಕೆ ಇಲ್ಲ ಮಾರಾಯ್ರೇ. ಹೋಟೆಲಿನಲ್ಲಿ ಇಡೀ ದಿವಸ ಮಾತಾಡ್ತೇನೆ, ಅದರಲ್ಲಿ ಒಂದಾದರೂ ನನ್ನ ಸ್ವಂತ ಮಾತು ಉಂಟಾ? ಓಡುವಾಗಲಾದರೂ ಒಬ್ಬರಲ್ಲಿ ಎಂತಾದರೂ ಹೇಳುವ ಅಂದರೆ ಎಲ್ಲರ ಕಿವಿಗೂ ಬೀಗ" ಅಂದರು. ಎದುರಿಗೇ ನಿಂತಿದ್ದರಿಂದ ತುಟಿ ನೋಡಿಕೊಂಡೇ ಅಷ್ಟೂ ತಿಳಿಯಿತು. ಹೇಳುತ್ತಾ ನನ್ನನ್ನೇ ನೋಡಿದರು. ನಾನು ನನ್ನ ಶೂ ಲೇಸು ನೋಡಿಕೊಂಡೆ.

ಅಷ್ಟರಲ್ಲಿ ಠಾಣೆಯ ಭಾನುವಾರದ ರಸ್ತೆ ಓಟ ಬಂತು. ಹೆಡ್‌ಫೋನ್ ನಿಷೇಧ ಅಂತ ನಿಯಮ ಬಂತು. ಕುಲಕರ್ಣಿ ಅಲ್ಲಿ ಸ್ವಯಂಸೇವಕ ಬೇರೆ. ಲಗ್ನದ ಮನೆಯಲ್ಲಿ ವರದಕ್ಷಿಣೆ ಸಿಕ್ಕವನ ಹಾಗೆ ನಗುತ್ತಾ, ಶುರುವಿನ ಗೆರೆಯಲ್ಲೇ ನನ್ನ ಕಿವಿಯಿಂದ ಹೆಡ್‌ಫೋನ್ ಕಿತ್ತುಕೊಂಡ. ಬಟ್ಟೆ ಬಿಚ್ಚಿ ನಿಲ್ಲಿಸಿದಂತಾಯಿತು ನನಗೆ. ರಸ್ತೆಯ ಎರಡೂ ಬದಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು, ಕೈಗಳು ಕಾಣುತ್ತಿದ್ದವು. ಡೋಲು ಬಾರಿಸುತ್ತಿದ್ದರು, ಅದು ಮಾತ್ರ ಎದೆಯಲ್ಲಿ ಧಡ್ ಧಡ್ ಅಂತ ಗೊತ್ತಾಗುತ್ತಿತ್ತು. ಶೆಟ್ಟರು ನನ್ನ ಎಡಗಡೆ ಬಂದು ಸೇರಿಕೊಂಡರು. ನನ್ನ ಬರಿಗಿವಿ ನೋಡಿ ಅವರ ಮುಖ ಹೇಗೆ ಅರಳಿತು ಅಂತೀರಿ!

ಓಡುತ್ತಾ ಮಾತು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಕೈ ಬೀಸಿಕೊಂಡು. ಓಡುವಾಗ ಪಕ್ಕದವರ ತುಟಿ ನೋಡುವುದಕ್ಕಾಗುವುದಿಲ್ಲ, ನೋಡಿದರೆ ಹಳ್ಳಕ್ಕೆ ಬೀಳುತ್ತೀರಿ. ನಮ್ಮ ಕಡೆ ಹಿರಿಯರು ಕಥೆ ಹೇಳುವಾಗ ಹೂಂಗುಟ್ಟುವ ಪದ್ಧತಿಯಿದೆಯಲ್ಲ, ಅದೊಂದೇ ನನಗೆ ಉಳಿದದ್ದು. ಉಸಿರಿಗೊಂದು "ಹೂಂ" ಅಂದೆ. ಅವರು ತಿರುಗಿ ಮುಖ ನೋಡಿದಾಗಲೆಲ್ಲ "ಹೌದು ಹೌದು" ಅಂದೆ. ಕೊನೆಯ ಗೆರೆ ದಾಟಿದ ಮೇಲೆ ನೋಡುತ್ತೇನೆ, ಶೆಟ್ಟರ ಕಣ್ಣಲ್ಲಿ ನೀರು. ನನ್ನ ಎರಡೂ ಕೈ ಹಿಡಿದು, ಎದುರಿಗೇ ನಿಂತು, "ನಿಮ್ಮೊಬ್ಬರಲ್ಲೇ ಹೇಳಿದ್ದು. ಯಾರಲ್ಲೂ ಬಾಯಿ ಬಿಡಬೇಡಿ" ಅಂದರು. ಇದು ಕೇಳಿಸಿತು. ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟೆ. ಇಡೀ ಠಾಣೆ ಜಿಲ್ಲೆಯಲ್ಲಿ ಆ ಗುಟ್ಟು ಅಷ್ಟು ಭದ್ರವಾಗಿ ಇನ್ನೆಲ್ಲೂ ಇರಲಾರದು.

ನಗಬೇಡಿ. ಅವತ್ತಿನಿಂದ ನನಗೆ ನಿದ್ದೆ ಹತ್ತಲಿಲ್ಲ. ಅವರಿಗೆ ಕಾಯಿಲೆಯೋ, ಸಾಲವೋ, ಏನು ಕಷ್ಟವೋ! ಇನ್ನೊಮ್ಮೆ ಹೇಳಿ ಅಂತ ಕೇಳಬೇಕಾದರೆ ಕಿವಿಯ ಕಥೆ ಬಿಚ್ಚಬೇಕು. ಒಬ್ಬ ಮನುಷ್ಯ ಕಣ್ಣೀರು ಹಾಕಿಕೊಂಡು ಹೇಳಿದ್ದಕ್ಕೆ, ಸ್ವಾಮಿ, ನಾನು ಸುಮ್ಮನೆ ತಲೆಯಾಡಿಸಿದೆ ಅನ್ನುವುದು ಹೇಗೆ? ತಡೆಯಲಾರದೆ ಮುಂದಿನ ಶನಿವಾರ ಸುಮತಿಯನ್ನು ಕರೆದುಕೊಂಡು ಅವರ ಹೋಟೆಲಿಗೆ ಹೋದೆ.

ಗಲ್ಲಾದ ಪಕ್ಕದಲ್ಲಿ ಸದಾ ಕೂರುತ್ತಿದ್ದ ತಮ್ಮನ ಕುರ್ಚಿ ಖಾಲಿ. ಶೆಟ್ಟರು ನಮ್ಮ ಟೇಬಲ್ಲಿಗೇ ಬಂದು, ನನ್ನ ಬಲಗಿವಿಗೆ ಬಾಗಿ, "ನೀವು ಹೇಳಿದ ಹಾಗೆಯೇ ಮಾಡಿದೆ. ತಮ್ಮನನ್ನು ಕಳಿಸಿಬಿಟ್ಟೆ" ಅಂದರು. ನನ್ನ ಕೈಯಲ್ಲಿದ್ದ ಇಡ್ಲಿ ಕೈಯಲ್ಲೇ ಉಳಿಯಿತು. "ನನಗೇ ಧೈರ್ಯ ಇರಲಿಲ್ಲ. ಜೊತೆಗೆ ಬೆಳೆದವನಲ್ವಾ. ಹೊರಗೆ ಹಾಕುವುದಾ ಅಂತ ನಿಮ್ಮಲ್ಲಿ ಎಷ್ಟು ಸಲ ಕೇಳಿದೆ, ಪ್ರತಿ ಸಲವೂ ನೀವು ಹೌದು ಅಂದ್ರಿ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಲ್ಯಾಣದಲ್ಲಿ ಬಾಡಿಗೆ ಮನೆ ಹಿಡಿದಿದ್ದಾನಂತೆ." ಇಷ್ಟು ಹೇಳಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಟವೆಲ್ಲಿನ ಒಳಗಿಂದಲೇ ಇನ್ನೇನೋ ಕೇಳಿದರು. ಹಿಂದೆ ಗ್ರೈಂಡರ್ ಗುರ್ರ್ ಅನ್ನುತ್ತಿತ್ತು. ಅವರು ಟವೆಲ್ ಇಳಿಸಿ ನನ್ನ ಬಾಯನ್ನೇ ನೋಡುತ್ತಾ ನಿಂತರು. ಹೌದು ಅಂದು ಒಂದು ಸಂಸಾರ ಮುರಿದಾಗಿತ್ತು. ಅದಕ್ಕೇ ಈ ಸಲ ಹುಷಾರಾಗಿ, ಬಹಳ ಯೋಚಿಸಿದವನ ಹಾಗೆ ನಿಧಾನವಾಗಿ, "ಬೇಡ" ಅಂದೆ. ಅವರು ತಲೆ ತಗ್ಗಿಸಿ ಒಳಗೆ ಹೋದರು.

ವಾಪಸ್ ಬರುವಾಗ ಸುಮತಿ ರಿಕ್ಷಾದಲ್ಲಿ ನನ್ನ ಬಲಗಡೆ ಕೂತಿದ್ದಳು, ಸಾಲದ್ದಕ್ಕೆ ಸಿಟ್ಟಿನಲ್ಲಿದ್ದಳು. ಸಿಟ್ಟಿನ ಮಾತು ನನಗೆ ಚೆನ್ನಾಗಿಯೇ ಕೇಳಿಸುತ್ತದೆ. "ಎಂಥ ಕಲ್ಲೆದೆಯವರು ರೀ ನೀವು! ತಮ್ಮನನ್ನು ವಾಪಸ್ ಕರೆಸಿಕೊಳ್ಳಲಾ ಅಂತ ಅವರು ಅಷ್ಟು ಆಸೆಯಿಂದ ಕೇಳಿದರೆ ಬೇಡ ಅಂದುಬಿಟ್ಟಿರಲ್ಲ! ಅವರ ಮನೆ ವಿಷಯಕ್ಕೆ ತೀರ್ಪು ಕೊಡುವುದಕ್ಕೆ ನೀವ್ಯಾರು?"

ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಕಲ್ಲೆದೆಯವನು ಅನ್ನಿಸಿಕೊಳ್ಳುವುದೇ ವಾಸಿ ಅಂತ ಒಂದು ಗಳಿಗೆ ನನಗೆ ಅನ್ನಿಸಿದ್ದು ನಿಜ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಮಾಜಿವಾಡಾ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ಮೆಲ್ಲಗೆ ಹೇಳಿದೆ, ನನಗೆ ಕಿವಿ ಕೇಳಿಸುವುದಿಲ್ಲ ಅಂತ. ಸುತ್ತ ಹಾರ್ನುಗಳ ಗದ್ದಲವಿತ್ತೇನೋ, ಅವಳು ಕಿವಿಯ ಹತ್ತಿರ ಕೈ ಇಟ್ಟುಕೊಂಡು "ಏನು?" ಅಂದಳು. ಇನ್ನೊಮ್ಮೆ ಹೇಳಿದೆ. ಮತ್ತೆ "ಏನು?" ಅಂದಳು. ಆಗ ಕೂಗಿದೆ, "ನನಗೆ ಕಿವಿ ಕೇಳಿಸುವುದಿಲ್ಲ ಕಣೇ! ಅವತ್ತೂ ಕೇಳಿಸಿಲ್ಲ, ಇವತ್ತೂ ಕೇಳಿಸಿಲ್ಲ!" ರಿಕ್ಷಾದವನು ಹಿಂತಿರುಗಿ ನೋಡಿದ. ಪಕ್ಕದ ಬೈಕಿನವನೂ ನೋಡಿದ. ಸುಮತಿ ಬಹಳ ಹೊತ್ತು ಏನೂ ಹೇಳಲಿಲ್ಲ. ಅಥವಾ ಹೇಳಿದಳೋ ಏನೋ, ಅದು ನನಗೆ ಗೊತ್ತಿಲ್ಲ. ಆಮೇಲೆ ರಿಕ್ಷಾದವನ ಭುಜ ತಟ್ಟಿ, ಹೋಟೆಲಿನ ಕಡೆಗೆ ತಿರುಗಿಸು ಅಂತ ಕೈಯಲ್ಲಿ ತೋರಿಸಿದಳು.