ನಾಯಿ ಬೊಗಳಿದರೆ ನಾನ್ಯಾಕೆ ಓಡಲಿ

ಹತ್ತು ವರ್ಷದ ಹಿಂದಿನ ಮಾತು, ನನಗಾಗ ಎಪ್ಪತ್ತೊಂದು. ಆ ವಯಸ್ಸಿಗೆ ಹಲ್ಲು ಹೋಗುತ್ತದೆ, ಮಂಡಿ ಹೋಗುತ್ತದೆ, ಸಿಟ್ಟು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಓದಿದ್ದು ಮೂರನೇ ಕ್ಲಾಸು. ಆದರೂ ಕಂಪ್ಯೂಟರಿನ ವಿಷಯದಲ್ಲಿ ಒಂದು ಜಗಳ ಗೆದ್ದವಳು ನಾನು.

ರಾಮಕೃಷ್ಣನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೊಮ್ಮಗಳು ರೇಖಾ, ಅವಳ ಜೊತೆ ಕೆಲಸ ಮಾಡುವ ಮಂಜು, ಇಬ್ಬರೂ ಕೂತು ಕಂಪ್ಯೂಟರ್ ಆಟ ತಯಾರಿಸುತ್ತಿದ್ದರು. ಆಟದಲ್ಲೊಬ್ಬ ಮುದುಕಿ, ಮಾವಿನಕಾಯಿ ಕದಿಯುವವರನ್ನು ಪೊರಕೆ ಹಿಡಿದು ಅಟ್ಟಬೇಕು. ಮುಖ ನನ್ನದು, ಸೀರೆ ನನ್ನದು, ಬೈಗುಳವನ್ನೂ ನನ್ನ ಬಾಯಿಂದಲೇ ಮೈಕಿಗೆ ಹಾಕಿಸಿಕೊಂಡಿದ್ದರು. ನನ್ನ ಮರ್ಯಾದೆ ಹೋಗಬಾರದು ಅನ್ನುವುದೊಂದೇ ನನ್ನ ಷರತ್ತು. ಒಂದು ಸಂಜೆ ಅಕ್ಕಪಕ್ಕದ ಹೆಂಗಸರನ್ನು ಕರೆದು ತೋರಿಸಿದರು. ಮುದುಕಿ ತಾರಸಿಯ ಮೇಲೆ ಗಂಭೀರವಾಗಿ ನಡೆಯುತ್ತಿದ್ದಳು. ನಾಯಿಯೊಂದು ಬೌ ಅಂದಿತು. ಮುದುಕಿ ರೈಲಿನ ಹಾಗೆ ಓಡಿ ತಾರಸಿಯಿಂದ ಕೆಳಕ್ಕೆ ಬಿದ್ದಳು. ಎದುರುಮನೆಯವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನ್ನ ಮೈ ಉರಿದುಹೋಯಿತು.

ಅವರೆಲ್ಲ ಹೋದ ಮೇಲೆ ಕೇಳಿದೆ, "ನನ್ನ ಕಾಲಿಗೆ ಕೈ ಹಾಕಿದವರು ಯಾರೋ?"

ಮಂಜು ತಲೆ ಕೆರೆದುಕೊಂಡ. "ನಾಯಿ ಏನೇನು ಮಾಡ್ಬೇಕು ಅನ್ನೋ ಸ್ಕ್ರಿಪ್ಟ್ ಬರೆದಿದ್ದು ನಾನು ಅಜ್ಜಿ. ಅದು ಬೊಗಳಿದಾಗ ನಿಮ್ಮ ಸ್ಪೀಡ್ ಏರಿಸ್ಬುಟ್ಟೆ. ರೇಖಾ ಆ ಸ್ಪೀಡನ್ನ ಪಬ್ಲಿಕ್ ಇಟ್ಟಿದ್ಲು."

"ಪಬ್ಲಿಕ್ ಅಂದ್ರೆ ಆಟದಲ್ಲಿರೋ ನಾಯಿ, ಕಳ್ಳ ಯಾರು ಬೇಕಾದ್ರೂ ಅದನ್ನ ಬದಲಾಯಿಸಬಹುದು ಅಜ್ಜಿ," ಅಂದಳು ರೇಖಾ. "ಪ್ರೈವೇಟ್ ಅಂದ್ರೆ ಮುದುಕಿ ಮಾತ್ರ."

"ನಾನೇನು ಬೀದಿ ನಲ್ಲಿಯೇನೆ, ಬಂದವರೆಲ್ಲ ತಿರುಗಿಸೋಕೆ? ಪ್ರೈವೇಟ್ ಮಾಡು."

"ಮಾಡಿದ್ರೆ ಪರದೆ ಪಕ್ಕದ ಪಟ್ಟೀಲಿ ಆ ಸ್ಪೀಡ್ ನನಗೂ ಕಾಣಲ್ಲ. ನಿನ್ನ ನಡಿಗೆ ಹದ ಮಾಡೋದು ಹೆಂಗೆ?"

"ನಿನಗೆ ಕಾಣಲಿ ಅಂತ ಊರಿಗೆಲ್ಲ ಬಾಗಿಲು ತೆಗೆದಿಟ್ಯಾ?"

ರೇಖಾ ಗೊಣಗಿದಳು. "ಪ್ರೈವೇಟ್ ಇಟ್ಟು ಒಂದು ಗುರುತು ಹಾಕಿದ್ರೆ ನನ್ನ ಪಟ್ಟೀಲಿ ಕಾಣುತ್ತೆ, ನಾಯಿ ಕೈಗೆ ಸಿಗಲ್ಲ. ಸೋಮಾರಿತನ ಮಾಡ್ದೆ."

"ಹಾಕು ಗುರುತು. ನಾಯಿ ಬೊಗಳಲಿ, ಓಡಬೇಕೋ ಬೇಡವೋ ನಾನು ನೋಡ್ಕೋತೀನಿ. ಇಲ್ಲಾಂದ್ರೆ ನನ್ನ ಬೈಗುಳ ವಾಪಸ್ ಕೊಡು."

ಹಾಕಿದಳು. ಮಂಜು ನಾಯಿಯ ಆ ಸಾಲು ಅಳಿಸಿದ, ಬೊಗಳಿದರೆ ಏನು ಮಾಡಬೇಕೆಂದು ರೇಖಾ ಮುದುಕಿಯ ಸ್ಕ್ರಿಪ್ಟಿನಲ್ಲೇ ಬರೆದಳು. ನಾಯಿ ಬೊಗಳಿತು, ಮುದುಕಿ ನಿಂತು, ತಿರುಗಿ, ಪೊರಕೆ ಎತ್ತಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ಸೊಸೆ ಕೂಗಿದಳು, "ರೇಖಾ, ನನ್ನ ಸಾರಿನ ಪಾತ್ರೆನೂ ಪ್ರೈವೇಟ್ ಮಾಡಿಕೊಡೆ. ಯಾರೋ ಬಂದು ಉಪ್ಪು ಸುರಿದು ಹೋಗ್ತಾರೆ."

ಆ ಯಾರೋ ನಾನೇ. ಸಾರು ಬೇರೆ, ಕಾಲು ಬೇರೆ ಅಂತ ಗೊಣಗಿಕೊಂಡೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾರನೇ ಬೆಳಿಗ್ಗೆ ಸೊಸೆಯ ಸಾರು ಕುದಿಯುತ್ತಿತ್ತು. ಉಪ್ಪು ಸಾಲದು ಅಂತ ನೋಡಿದರೇ ಗೊತ್ತಾಗುತ್ತದೆ ನನಗೆ. ಜಾಡಿಯತ್ತ ಹೋದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಾಗಿಲಲ್ಲೇ ನಿಂತು ಬೊಗಳಿದೆ, "ಉಪ್ಪು ಕಮ್ಮಿ ಕಣಮ್ಮ." ಅವಳು ತಿರುಗಿಯೂ ನೋಡಲಿಲ್ಲ. ಇನ್ನೊಂದು ಸಲ ಬೊಗಳಿದೆ.